ಡಬ್ಬಿ ತುಂಬ ಹುಣಸೆ ಬೀಜ: ಡಿಗ್ರಿ ತರಗತಿಯಲ್ಲಿ ಆಟ

(ಕಾಲೇಜು ಅಧ್ಯಾಪಕರಿಗಾಗಿ ನಡೆದ ಒಂದು ದಿನದ ಕಾರ್ಯಾಗಾರದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟದ ನಂತರದ ಹೊತ್ತನ್ನೇ ನನಗೆ ಕೊಟ್ಟಿದ್ದಾರೆ. ಅದೂ ಬಿಸಿಬೇಳೆಬಾತ್ ಊಟ. ಕಣ್ಣು ಎಳೆದರೆ ಸಂಕೋಚ ಬೇಡ, ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಕೈಗೂ ಕೆಲಸ ಕೊಡುತ್ತೇನೆ.

ಈ ಸ್ಟೀಲ್ ಡಬ್ಬಿ ನೋಡಿ. ಬೆಳಗ್ಗೆ ಬಸ್ಸಿನಲ್ಲಿ ಇದನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಗುಂಡಿ ಬಂದಾಗಲೆಲ್ಲ ಗಲಗಲ ಸದ್ದು. ಪಕ್ಕದಲ್ಲಿದ್ದ ಅಜ್ಜಿ ತಡೆಯಲಾರದೆ ಕೇಳಿದರು, "ಏನಮ್ಮ ಅದ್ರಲ್ಲಿ?" ಹುಣಸೆ ಬೀಜ ಅಂದೆ. "ಬಿತ್ತಕ್ಕಾ?" ಇಲ್ಲ ಅಜ್ಜಿ, ಕಾಲೇಜಲ್ಲಿ ಪಾಠ ಮಾಡೋಕೆ ಅಂದೆ. ಆಮೇಲೆ ಇಳಿಯುವ ತನಕ ಅವರು ನನ್ನ ಜೊತೆ ಮಾತಾಡಲಿಲ್ಲ.

ನಾನು ಕಲಿಸುವುದು ಸಂಖ್ಯಾಶಾಸ್ತ್ರ. ಬೈನಾಮಿಯಲ್ ಡಿಸ್ಟ್ರಿಬ್ಯೂಷನ್, ಅಂದರೆ ನಾಣ್ಯವನ್ನೋ ದಾಳವನ್ನೋ ಹಲವು ಸಲ ಹಾಕಿದರೆ ಬೇಕಾದದ್ದು ಎಷ್ಟು ಸಲ ಬೀಳಬಹುದು ಅನ್ನುವ ಪಾಠವನ್ನು ಎಷ್ಟು ವರ್ಷ ಮಾಡಿದ್ದೇನೆ ಅಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬೋರ್ಡಿನ ಎಡಮೂಲೆಯಿಂದ ಶುರು ಮಾಡಿಬಿಡುತ್ತೇನೆ. ಮಕ್ಕಳೂ ಸೂತ್ರ ಚೆನ್ನಾಗಿಯೇ ಬರೆಯುತ್ತಿದ್ದರು. ಮಾರ್ಕ್ಸೂ ಬರುತ್ತಿತ್ತು. ಒಂದು ದಿನ ಸುಮ್ನೆ ಕೇಳಿದೆ: ಈ ಸೂತ್ರದಲ್ಲಿ ಪಿ ಅಂತ ಇದೆಯಲ್ಲ, ಒಂದು ಸಲ ಹಾಕಿದರೆ ಬೇಕಾದದ್ದು ಬೀಳುವ ಸಾಧ್ಯತೆ, ಅದು ಎಲ್ಲಿಂದ ಬರುತ್ತದೆ? ಮೊದಲ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿದಳು, "ಪ್ರಶ್ನೆಯಲ್ಲೇ ಕೊಟ್ಟಿರ್ತಾರೆ ಮೇಡಂ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಪುಸ್ತಕಗಳಲ್ಲಿ ಪಿ ಯಾವಾಗಲೂ ಕೊಟ್ಟೇ ಇರುತ್ತದೆ. ನಾಣ್ಯ ಅಂದರೆ ಅರ್ಧ. ದಾಳ ಅಂದರೆ ಆರರಲ್ಲಿ ಒಂದು. ಅದನ್ನು ಹುಡುಕಬೇಕು, ಹುಡುಕಿದ್ದು ತಪ್ಪಿರಬಹುದು ಅನ್ನುವ ಯೋಚನೆ ಬರಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ.

ಆಗ ನಾನು ಮಾಡಿದ ಮೊದಲ ಪ್ರಯೋಗ ಪೂರ್ತಿ ನೆಗೆದುಬಿತ್ತು. ಅದನ್ನೂ ಹೇಳಬೇಕು. ಫೋನಿನಲ್ಲಿ ಕ್ವಿಜ್ ಆಡಿಸುವ ಆ್ಯಪ್ ಒಂದನ್ನು ಹಿಡಿದುಕೊಂಡು ಹೋದೆ. ಬೇಗ ಉತ್ತರ ಒತ್ತಿದವರಿಗೆ ಜಾಸ್ತಿ ಅಂಕ. ಸ್ಕ್ರೀನಿನಲ್ಲಿ ಹೆಸರುಗಳ ಪಟ್ಟಿ. ಗೆದ್ದವರಿಗೆ ಚಾಕೊಲೇಟ್. ಮೊದಲ ಹತ್ತು ನಿಮಿಷ ಕ್ಲಾಸು ಜಾತ್ರೆ ಥರ ಇತ್ತು. ಮೂರನೇ ವಾರದ ಹೊತ್ತಿಗೆ ಪಟ್ಟಿಯ ಮೇಲ್ಗಡೆ ಅದೇ ನಾಲ್ಕು ಹೆಸರು. ಹಿಂದಿನ ಬೆಂಚಿನವರು ನೋಡದೆ ಯಾವುದೋ ಒಂದು ಬಟನ್ ಒತ್ತಿ, ಅದೇ ಫೋನಿನಲ್ಲಿ ರೀಲ್ಸ್ ನೋಡುತ್ತಿದ್ದರು. ನಾನು ಮಾಡಿದ್ದು ಟೆಸ್ಟು. ಅದಕ್ಕೆ ಬಣ್ಣದ ಪೇಪರ್ ಸುತ್ತಿದ್ದೆ, ಅಷ್ಟೇ. ಮೊದಲೇ ಬರುವವರಿಗೆ ಅದು ಆಟ. ಬಾರದವರಿಗೆ, ಬರುವುದಿಲ್ಲ ಅನ್ನುವುದನ್ನು ಎಲ್ಲರೆದುರು ತೋರಿಸುವ ಇನ್ನೊಂದು ದಾರಿ.

ಆ ಚಾಕೊಲೇಟ್ ನಾನು ಒಳ್ಳೆಯದನ್ನೇ ತಂದಿದ್ದೆ. ದುಡ್ಡು ಹೋಯಿತು ಅಂತ ಈಗಲೂ ಒಂಚೂರು ಬೇಜಾರಿದೆ.

ಹುಣಸೆ ಬೀಜ ಬಂದದ್ದು ಅದಾದ ಮುಂದಿನ ವರ್ಷ. ಇಲ್ಲಿ ಎಷ್ಟು ಜನ ಚೌಕಾಬಾರ ಆಡಿದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಐದು ಸಾಲು, ಐದು ಕಾಲಂ, ಇಪ್ಪತ್ತೈದು ಮನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಆಯಿತು. ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಗಿನ ಸುತ್ತು ಮುಗಿಸಿ, ಒಳಗಿನ ಸುತ್ತಿಗೆ ಹೋಗಿ, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಗರ ಹಾಕಲು ನಾಲ್ಕು ಕವಡೆ. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜವನ್ನು ಒರಟು ನೆಲದ ಮೇಲೆ ತಿಕ್ಕಿ ಒಂದು ಮಗ್ಗುಲನ್ನು ಬಿಳಿ ಮಾಡಿಕೊಳ್ಳುತ್ತಾರೆ. ಎಷ್ಟು ಬಿಳಿ ಮೇಲೆ ಬಿದ್ದರೆ ಅಷ್ಟು ಮನೆ. ನಾಲ್ಕೂ ಬಿಳಿ ಆದರೆ ಚೌಕ, ಅಂದರೆ ನಾಲ್ಕು. ಒಂದೂ ಬಿಳಿ ಇಲ್ಲದಿದ್ದರೆ ಬಾರ, ಅಂದರೆ ಎಂಟು. ಚೌಕ ಬಿದ್ದರೂ ಬಾರ ಬಿದ್ದರೂ ಇನ್ನೊಂದು ಸಲ ಹಾಕಬಹುದು. ಊರೂರಿಗೆ ನಿಯಮ ಸ್ವಲ್ಪ ಬೇರೆ ಇರುತ್ತದೆ. ಆ ಜಗಳ ಆಮೇಲೆ ಆಡೋಣ.

ಕ್ಲಾಸಿಗೆ ಬೀಜ ತಂದೆ. ತಿಕ್ಕಿರಲಿಲ್ಲ. ತಿಕ್ಕುವ ಕೆಲಸವನ್ನು ಅವರಿಗೇ ಕೊಟ್ಟೆ, ಕಾರಿಡಾರಿನ ಒರಟು ಕಲ್ಲಿನ ಮೇಲೆ. ನಾಲ್ಕು ನಾಲ್ಕು ಜನರ ಗುಂಪು. ಆಡಲು ಶುರು ಮಾಡುವ ಮುಂಚೆ ಒಂದೇ ಒಂದು ಷರತ್ತು ಹಾಕಿದೆ: ನೂರು ಗರ ಹಾಕಿದರೆ ಎಷ್ಟು ಚೌಕ, ಎಷ್ಟು ಬಾರ ಬೀಳಬಹುದು ಅಂತ ಒಂದು ಚೀಟಿಯಲ್ಲಿ ಬರೆದು ಮಡಚಿ ನನಗೆ ಕೊಡಿ. ಸೂತ್ರ ಬಲ್ಲವರು ಸರಸರ ಬರೆದರು. ಪಿ ಅರ್ಧ ಅಂದುಕೊಂಡರೆ ಚೌಕಕ್ಕೂ ಹದಿನಾರರಲ್ಲಿ ಒಂದು, ಬಾರಕ್ಕೂ ಹದಿನಾರರಲ್ಲಿ ಒಂದು. ಅಂದರೆ ನೂರಕ್ಕೆ ಆರರ ಆಸುಪಾಸು. ಎರಡೂ ಸಮ.

ಕೊನೆ ಬೆಂಚಿನಲ್ಲಿ ಒಬ್ಬ ಹುಡುಗ. ಅಟೆಂಡೆನ್ಸ್ ಹೇಳುವುದು ಬಿಟ್ಟರೆ ಅವನ ದನಿಯನ್ನೇ ನಾನು ಕೇಳಿರಲಿಲ್ಲ. ಅವನು ಚೀಟಿ ಕೊಡಲಿಲ್ಲ. ಬೀಜಗಳನ್ನು ಒಂದೊಂದಾಗಿ ಎತ್ತಿ, ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದ. ಯಾಕಪ್ಪ ಅಂದೆ. "ಮೇಡಂ, ಇವು ಸರಿಯಾಗಿ ತಿಕ್ಕಿಲ್ಲ. ಇದೊಂದು ಉಬ್ಬಿದೆ. ಇದರಲ್ಲಿ ಬಿಳಿ ಬೀಳೋದೇ ಕಮ್ಮಿ. ಬಾರನೇ ಜಾಸ್ತಿ ಬೀಳುತ್ತೆ, ನೋಡ್ತಿರಿ." ಯಾರು ಹೇಳಿದ್ದು ಅಂದರೆ, "ನಮ್ಮಜ್ಜಿ ಬೀಜಾನ ಮೊದಲು ಹಾಕಿ ಹಾಕಿ ನೋಡಿ, ಆಮೇಲೇ ಆಟಕ್ಕೆ ಇಡೋದು."

ಅಜ್ಜಿ ಮಾಡುತ್ತಿದ್ದದ್ದು ಏನು ಹೇಳಿ? ಪಿ ಎಷ್ಟು ಅಂತ ಅಂದಾಜು ಹಾಕುತ್ತಿದ್ದರು. ನಾನು ಮೂರನೇ ಸೆಮಿಸ್ಟರಿನಲ್ಲಿ ಎಸ್ಟಿಮೇಷನ್ ಅಂತ ಒಂದು ಇಡೀ ಯುನಿಟ್ ಮಾಡುವುದು ಇದನ್ನೇ.

ಅವನ ಮಾತನ್ನೇ ಹಿಡಿದು ಬೋರ್ಡಿನಲ್ಲಿ ಲೆಕ್ಕ ಹಾಕಿದೆವು. ಬಿಳಿ ಬೀಳುವ ಸಾಧ್ಯತೆ ಅರ್ಧ ಅಲ್ಲ, 0.4 ಅಂತ ಇಟ್ಟುಕೊಳ್ಳೋಣ. ಕೇಳಲು ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ, ಅಲ್ವಾ? ಆದರೆ ನಾಲ್ಕು ಬೀಜವೂ ಕಪ್ಪಾಗಲು 0.6 ಅನ್ನು ನಾಲ್ಕು ಸಲ ಗುಣಿಸಬೇಕು. 0.1296 ಬರುತ್ತದೆ. ನೂರಕ್ಕೆ ಹದಿಮೂರು ಬಾರ. ನಾಲ್ಕೂ ಬಿಳಿಯಾಗಲು 0.4 ಅನ್ನು ನಾಲ್ಕು ಸಲ ಗುಣಿಸಿದರೆ 0.0256. ನೂರಕ್ಕೆ ಎರಡೂವರೆ ಚೌಕ. ಸಮ ಇದ್ದದ್ದು ಈಗ ಒಂದಕ್ಕೆ ಐದು! ಬೀಜದ ಹೊಟ್ಟೆ ಒಂಚೂರು ಉಬ್ಬಿದ್ದಕ್ಕೆ ಆಟವೇ ಬೇರೆ ಆಗಿಹೋಯಿತು. ಇದನ್ನು ನಾನು ಬಾಯಲ್ಲಿ ಎಷ್ಟೋ ವರ್ಷ ಹೇಳಿದ್ದೆ. ಬೀಜ ಕೈಯಲ್ಲಿ ಇದ್ದಾಗ ಹೇಳಬೇಕಾಗಲೇ ಇಲ್ಲ.

ಅಲ್ಲಿಂದ ಮುಂದೆ ಪ್ರಶ್ನೆಗಳು ಅವರವೇ. ನಾಲ್ಕು ಬೀಜಕ್ಕೂ ಒಂದೇ ಪಿ ಇಲ್ಲದಿದ್ದರೆ ಈ ಸೂತ್ರ ನಡೆಯುತ್ತದಾ? ನಡೆಯುವುದಿಲ್ಲ. ಅದು ಬೈನಾಮಿಯಲ್ಲೇ ಅಲ್ಲ. ಪುಸ್ತಕದಲ್ಲಿ ಷರತ್ತು ಅಂತ ಸಣ್ಣ ಅಕ್ಷರದಲ್ಲಿ ಇದ್ದದ್ದು ಇದೇ. ಒಬ್ಬಳು ಬೀಜಗಳನ್ನು ಅಂಗೈಯಲ್ಲಿ ಕುಲುಕದೆ ಹಾಗೇ ಜಾರಿಸಿ ಬಿಡುತ್ತಿದ್ದಳು. ಅವಳಿಗೆ ಬೇಕಾದದ್ದೇ ಬೀಳುತ್ತಿತ್ತು. ಪಕ್ಕದವರು ಮೋಸ ಅಂತ ಗಲಾಟೆ ಎಬ್ಬಿಸಿದರು. ಒಂದು ಗರಕ್ಕೂ ಇನ್ನೊಂದು ಗರಕ್ಕೂ ಸಂಬಂಧ ಇರಬಾರದು ಅನ್ನುವ ನಿಯಮ ಆ ಗಲಾಟೆಯಲ್ಲಿ ಬಂತು. ಚೌಕ, ಬಾರ ಬಿದ್ದಾಗ ಸಿಗುವ ಬೋನಸ್ ಗರ ಸೇರಿಸಿದರೆ ಒಂದು ಸರದಿಗೆ ಸರಾಸರಿ ಎಷ್ಟು ಮನೆ ಹೋಗುತ್ತೇವೆ ಅಂತ ಇನ್ನೊಂದು ಗುಂಪು ಕೇಳಿತು. ಪಿ ಅರ್ಧ ಅಂದುಕೊಂಡರೆ ಒಂದು ಗರಕ್ಕೆ ಎರಡೂವರೆ ಮನೆ. ಎಂಟರಲ್ಲಿ ಒಂದು ಸಲ ಬೋನಸ್. ಬೋನಸ್ಸಿಗೂ ಬೋನಸ್. ಎಲ್ಲ ಕೂಡಿಸಿದರೆ ಏಳನೇ ಇಪ್ಪತ್ತು, ಅಂದರೆ ಸುಮಾರು 2.86 ಮನೆ. ಗಣಿತದವರು ಕೂತಿದ್ದೀರಲ್ಲ, ನಿಮಗೆ ಗೊತ್ತಾಯಿತು, ಇದು ಜಿಯೋಮೆಟ್ರಿಕ್ ಸೀರೀಸ್, ಪ್ರತಿ ಸಂಖ್ಯೆಯೂ ಹಿಂದಿನದರ ಎಂಟನೇ ಒಂದು ಭಾಗ ಆಗುತ್ತಾ ಹೋಗುವ ಸಾಲು. ಕರೆಯದೆ ಬಂದ ನೆಂಟ.

ಇನ್ನೊಂದು ಮಾತು. ಆ ಹುಡುಗನಿಗೆ ಬೀಜದ ಬಗ್ಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಆ ಒಂದು ಗಂಟೆ ಕ್ಲಾಸಿಗೆ ಅವನೇ ಮೇಷ್ಟ್ರು. ಆಮೇಲೆ ಅವನು ಫಸ್ಟ್ ಕ್ಲಾಸ್ ಬಂದ ಅಂತೆಲ್ಲ ಕಥೆ ಕಟ್ಟುವುದಿಲ್ಲ. ಬರಲಿಲ್ಲ. ಆದರೆ ಬೇರೆ ಕ್ಲಾಸುಗಳಲ್ಲೂ ಪ್ರಶ್ನೆ ಕೇಳಲು ಶುರು ಮಾಡಿದ. ಕೆಲವು ಪ್ರಶ್ನೆ ಸಹೋದ್ಯೋಗಿಗಳಿಗೆ ಇಷ್ಟ ಆಗಲಿಲ್ಲ ಅಂತಲೂ ಕೇಳಿದ್ದೇನೆ.

ಹಾಗಾದರೆ ಕ್ವಿಜ್ ಯಾಕೆ ಕೆಟ್ಟಿತು, ಬೀಜ ಯಾಕೆ ಕೆಲಸ ಮಾಡಿತು? ನನಗೆ ಅನ್ನಿಸುವುದು ಇಷ್ಟು. ಕ್ವಿಜ್ಜಿನಿಂದ ಅಂಕ, ಚಾಕೊಲೇಟ್ ತೆಗೆದುಹಾಕಿ. ಉಳಿಯುವುದು ಅದೇ ಹಳೇ ಪ್ರಶ್ನೆಪತ್ರಿಕೆ. ಚೌಕಾಬಾರದಿಂದ ಪಾಠವನ್ನು ತೆಗೆಯಲು ನೋಡಿ, ಆಗುವುದಿಲ್ಲ. ಪಾಠ ಬೀಜದ ಒಳಗೇ ಇದೆ. ವಿದ್ಯಾರ್ಥಿ ಏನೋ ಒಂದು ತೀರ್ಮಾನ ಮಾಡಬೇಕು, ಅದರ ಫಲ ಅಲ್ಲೇ ಕಣ್ಣಿಗೆ ಕಾಣಬೇಕು, ತಪ್ಪಾದರೆ ಇನ್ನೊಂದು ಸಲ ಹಾಕುವಂತಿರಬೇಕು. ಮತ್ತೆ ಇದೊಂದು ಬಹಳ ಮುಖ್ಯ: ಸೋತರೆ ಇಂಟರ್ನಲ್ ಮಾರ್ಕ್ಸ್ ಹೋಗಬಾರದು. ಸೋಲಿಗೆ ಮಾರ್ಕ್ಸ್ ಕಟ್ಟಿದ ಕ್ಷಣ ಮಕ್ಕಳು ಆಡುವುದನ್ನು ಬಿಟ್ಟು ಸುರಕ್ಷಿತವಾಗಿ ಕೂರುತ್ತಾರೆ.

ಕಾಮರ್ಸಿನವರು ಆಗಿಂದ ಗಡಿಯಾರ ನೋಡುತ್ತಿದ್ದೀರಿ. ನಿಮಗೂ ಒಂದಿದೆ. ಮ್ಯಾನೇಜ್‌ಮೆಂಟ್ ಓದಿದವರಿಗೆ ಬಿಯರ್ ಗೇಮ್ ಗೊತ್ತಿರಬಹುದು. 1960ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಅವರ ತಂಡ ಮಾಡಿದ ಆಟ. ಹೆಸರು ಬಿಯರ್ ಅಂತ ಇದ್ದರೂ ಅದರಲ್ಲಿ ಕುಡಿಯುವುದು ಏನೂ ಇಲ್ಲ. ಆದರೂ ನಮ್ಮಲ್ಲಿ ನೋಟಿಸ್ ಬೋರ್ಡಿನಲ್ಲಿ ಆ ಹೆಸರು ಹಾಕಲು ಧೈರ್ಯ ಬರಲಿಲ್ಲ. ನಾವು ಬಿಸ್ಕೆಟ್ ಆಟ ಅಂತ ಕರೆದೆವು.

ನಾಲ್ಕು ಜನ ಸಾಲಾಗಿ ಕೂರುತ್ತಾರೆ. ಒಬ್ಬ ಅಂಗಡಿಯವನು, ಅವನ ಹಿಂದೆ ಹೋಲ್‌ಸೇಲ್‌ನವನು, ಅವನ ಹಿಂದೆ ಡಿಸ್ಟ್ರಿಬ್ಯೂಟರ್, ಕೊನೆಗೆ ಫ್ಯಾಕ್ಟರಿ. ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ. ಪ್ರತಿ ಸುತ್ತು ಒಂದು ವಾರ. ಎಷ್ಟು ಮಾಲು ಬೇಕು ಅಂತ ಚೀಟಿ ಬರೆದು ಹಿಂದಿನವರಿಗೆ ಕೊಡಬೇಕು. ಚೀಟಿ ಮುಟ್ಟಲೂ ಸಮಯ ಬೇಕು, ಮಾಲು ಬರಲು ಇನ್ನೂ ಎರಡು ವಾರ. ಎಲ್ಲರ ಹತ್ತಿರವೂ ಶುರುವಿನಲ್ಲಿ ಹನ್ನೆರಡು ಪೆಟ್ಟಿಗೆ ಸ್ಟಾಕ್. ಸ್ಟಾಕ್ ಉಳಿದರೆ ಪೆಟ್ಟಿಗೆಗೆ ವಾರಕ್ಕೆ ಐವತ್ತು ಪೈಸೆ ಖರ್ಚು. ಕೊಡಲಾಗದೆ ಬಾಕಿ ಉಳಿದರೆ ಒಂದು ರೂಪಾಯಿ. ಮೂಲದಲ್ಲಿ ಅರ್ಧ ಡಾಲರ್, ಒಂದು ಡಾಲರ್. ಪೆಟ್ಟಿಗೆ ಬದಲು ಇದೇ ಹುಣಸೆ ಬೀಜ.

ಗಿರಾಕಿ ಎಷ್ಟು ಕೇಳುತ್ತಾನೆ ಅನ್ನುವುದು ಅಂಗಡಿಯವನಿಗೆ ಮಾತ್ರ ಗೊತ್ತು. ಮೊದಲ ನಾಲ್ಕು ವಾರ ಶಾಂತಿ. ಹತ್ತನೇ ವಾರದ ಹೊತ್ತಿಗೆ ಸ್ಟಾಕ್ ಖಾಲಿ. ಹೆದರಿದವರು ಹೆಚ್ಚು ಹೆಚ್ಚು ಬರೆಯುತ್ತಾರೆ. ಮುಂದೆ ಎಲ್ಲ ಒಟ್ಟಿಗೇ ಬಂದು ಟೇಬಲ್ ಮೇಲೆ ಬೀಜದ ರಾಶಿ. ಫ್ಯಾಕ್ಟರಿಯಲ್ಲಿ ಕೂತವರು ತಲೆ ಮೇಲೆ ಕೈ ಹೊತ್ತಿರುತ್ತಾರೆ. "ಆ ಅಂಗಡಿಯವನಿಗೆ ಬುದ್ಧಿ ಇದೆಯಾ ಮೇಡಂ?" ಅಂತ ಬೈಗುಳ.

ಆಟ ನಿಲ್ಲಿಸಿದ ಮೇಲೆ ಅಂಗಡಿಯವರನ್ನು ಬಿಟ್ಟು ಉಳಿದವರಿಗೆ ಒಂದು ಹಾಳೆ ಕೊಡುತ್ತೇನೆ. ಗಿರಾಕಿ ವಾರವಾರ ಎಷ್ಟು ಕೇಳಿರಬಹುದು, ಗೆರೆ ಎಳೆಯಿರಿ. ಎಲ್ಲರೂ ಬೆಟ್ಟಗುಡ್ಡ ಬರೆಯುತ್ತಾರೆ. ಏರು, ಇಳಿ, ಮತ್ತೆ ಏರು. ಆಮೇಲೆ ನಿಜವಾದ ಲೆಕ್ಕ ಬೋರ್ಡಿನ ಮೇಲೆ: ಮೊದಲ ನಾಲ್ಕು ವಾರ ನಾಲ್ಕು ಪೆಟ್ಟಿಗೆ, ಐದನೇ ವಾರದಿಂದ ಎಂಟು, ಕೊನೆವರೆಗೂ ಎಂಟೇ. ಬದಲಾದದ್ದು ಒಂದೇ ಒಂದು ಸಲ. ಕ್ಲಾಸು ಗಪ್‌ಚಿಪ್. ಬೆಟ್ಟಗುಡ್ಡ ಎಲ್ಲ ತಾವೇ ಮಾಡಿದ್ದು ಅಂತ ಅರ್ಥವಾಗಲು ಒಂದೆರಡು ನಿಮಿಷ ಬೇಕು. ಆ ಒಂದೆರಡು ನಿಮಿಷ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ನಾನು ಮೊದಲ ಸಲ ತಡೆಯಲಾರದೆ ವಿವರಿಸಿ ಕೆಡಿಸಿದೆ.

ಇದಕ್ಕೆ ಬುಲ್‌ವಿಪ್ ಎಫೆಕ್ಟ್ ಅನ್ನುತ್ತಾರೆ. ಬಾರುಕೋಲಿನ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ತುದಿ ಜೋರಾಗಿ ಬೀಸುತ್ತದಲ್ಲ, ಹಾಗೆ. ಹೆಸರನ್ನು ಕೊನೆಗೆ ಹೇಳಿ, ಮೊದಲು ಹೇಳಬೇಡಿ. ಈ ಮಾತುಕತೆಗೆ ಕನಿಷ್ಠ ಆಟದಷ್ಟೇ ಸಮಯ ಇಟ್ಟುಕೊಳ್ಳಿ. ಬೆಲ್ ಹೊಡೆಯುವ ತನಕ ಆಡಿಸಿ, ನಾಳೆ ಮಾತಾಡೋಣ ಅಂದರೆ, ನಾಳೆ ಅವರಿಗೆ ಯಾರು ಗೆದ್ದರು ಅನ್ನುವುದು ಮಾತ್ರ ನೆನಪಿರುತ್ತದೆ.

ಈಗ ಸ್ವಲ್ಪ ಕಹಿ ಮಾತು. ಇಷ್ಟೆಲ್ಲ ಮಾಡಿದ ಮೇಲೆ ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕಿನಲ್ಲಿ ಒಬ್ಬರು ಬರೆದಿದ್ದರು: "ಮೇಡಂ ಪಾಠ ಮಾಡುವುದಿಲ್ಲ, ಆಟ ಆಡಿಸುತ್ತಾರೆ." ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಹಾರ್ವರ್ಡ್‌ನ ಒಂದು ಅಧ್ಯಯನ ಓದಿದೆ, 2019ರದ್ದು. ಭೌತಶಾಸ್ತ್ರದ ಮೊದಲ ಹಂತದ ಕ್ಲಾಸು. ಒಂದು ಗುಂಪಿಗೆ ಚೆನ್ನಾಗಿ ಮಾತಾಡುವ ಮೇಷ್ಟ್ರ ಉಪನ್ಯಾಸ. ಇನ್ನೊಂದು ಗುಂಪು ಅದೇ ವಿಷಯವನ್ನು ಗುಂಪುಗಳಲ್ಲಿ ಕೂತು ತಾವೇ ಬಿಡಿಸಬೇಕು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಎರಡನೇ ಗುಂಪಿಗೆ. ಜಾಸ್ತಿ ಕಲಿತೆವು ಅಂತ ಹೇಳಿದ್ದು ಮೊದಲ ಗುಂಪು! ಒಳ್ಳೆಯ ಉಪನ್ಯಾಸ ಕೇಳುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ತಾನೇ ತಿಣುಕುವಾಗ, ನನಗೆ ಏನೂ ಬರುವುದಿಲ್ಲ ಅನ್ನಿಸುತ್ತದೆ. ಅದಕ್ಕೇ ಈಗ ಮೊದಲ ದಿನವೇ ಮಕ್ಕಳಿಗೆ ಈ ಅಧ್ಯಯನದ ಕಥೆ ಹೇಳಿಬಿಡುತ್ತೇನೆ. ದೂರು ಪೂರ್ತಿ ನಿಂತಿಲ್ಲ, ಕಡಿಮೆ ಆಗಿದೆ.

ಅಂಕಿಅಂಶ ಬೇಕು ಅನ್ನುವವರಿಗೆ ಒಂದು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಜೊತೆಯವರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಬರೀ ಉಪನ್ಯಾಸದ ಕ್ಲಾಸುಗಳಲ್ಲಿ ಫೇಲಾದವರು ಸರಾಸರಿ ಶೇ. 33.8. ವಿದ್ಯಾರ್ಥಿಗಳೇ ಏನಾದರೂ ಮಾಡುವ ಕ್ಲಾಸುಗಳಲ್ಲಿ ಶೇ. 21.8. ಇದು ಆಟದ ಲೆಕ್ಕ ಅಲ್ಲ, ಹುಷಾರು. ಗುಂಪುಚರ್ಚೆ, ಪಕ್ಕದವರಿಗೆ ವಿವರಿಸುವುದು ಎಲ್ಲ ಸೇರಿದೆ. ನಾಳೆ ಯಾರಾದರೂ ಆಟ ಆಡಿಸಿದರೆ ರಿಸಲ್ಟ್ ಏರುತ್ತದೆ ಅಂತ ನನ್ನ ಹೆಸರಲ್ಲಿ ಹೇಳಬೇಡಿ.

ಇತಿಹಾಸದವರ ವಿಷಯಕ್ಕೆ ಬರುವಾಗ ನನಗೆ ಸ್ವಲ್ಪ ಅಳುಕು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಮಾರ್ಕ್ ಕಾರ್ನ್ಸ್ ಅನ್ನುವ ಇತಿಹಾಸದ ಪ್ರಾಧ್ಯಾಪಕರು 1990ರ ದಶಕದಲ್ಲಿ ಒಂದು ಪದ್ಧತಿ ಶುರು ಮಾಡಿದರು. ವಿದ್ಯಾರ್ಥಿಗಳು ವಾರಗಟ್ಟಲೆ ಇತಿಹಾಸದ ಪಾತ್ರಗಳಾಗಿ ವಾದ ಮಾಡುತ್ತಾರೆ, ಮತ ಹಾಕುತ್ತಾರೆ. ಗೆಲ್ಲಬೇಕಾದರೆ ಮೂಲ ದಾಖಲೆ ಓದಲೇಬೇಕು. ಅದರಲ್ಲಿ ಒಂದು ಆಟ 1945ರ ಶಿಮ್ಲಾ ಮಾತುಕತೆಯದ್ದು, ಭಾರತದ ಭವಿಷ್ಯ ಏನು ಅಂತ. ಅಮೆರಿಕದ ಹುಡುಗರು ಗಾಂಧಿ, ಜಿನ್ನಾ, ಅಂಬೇಡ್ಕರ್ ಆಗಿ ಆಡಬಹುದು. ಅವರಿಗೆ ಅದು ದೂರದ ಕಥೆ. ನಮ್ಮ ಕ್ಲಾಸಿನಲ್ಲಿ ಯಾರಿಗೆ ಯಾವ ಪಾತ್ರ ಕೊಡುತ್ತೀರಿ? ಒಬ್ಬ ಹುಡುಗ ಮನೆಯಲ್ಲಿ ದಿನಾ ಅನುಭವಿಸುವುದನ್ನು ಕ್ಲಾಸಿನಲ್ಲಿ ಪಾತ್ರ ಅಂತ ಕೊಟ್ಟರೆ ಅವನಿಗೆ ಅದು ಆಟವಾ? ಹೊರಗೆ ಬರಲು ಬಾಗಿಲೇ ಇಲ್ಲದ ಆಟವನ್ನು ಯಾರ ಮೇಲೂ ಹೇರಬಾರದು. ಬಂಗಾಳದ ರೈತನ ಕಂದಾಯವೋ, ಬಂದರಿನ ವ್ಯಾಪಾರವೋ ಆಗಿದ್ದರೆ ನಾನು ಆಡಿಸುತ್ತೇನೆ. ಶಿಮ್ಲಾ ಮಾತುಕತೆಯನ್ನು ಬರೀ ಓದಿಸುತ್ತೇನೆ.

ಮೈಸೂರಿನವರು ಇದ್ದೀರಿ, ನಿಮಗೆ ಒಂದು ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಸ್ವತಃ ಎಷ್ಟೋ ಮಣೆ ಆಟಗಳನ್ನು ರಚಿಸಿದವರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಅವುಗಳ ಚಿತ್ರ ಇದೆ. ಚದುರಂಗದ ಕುದುರೆ 64 ಮನೆಗಳಲ್ಲೂ ಒಂದೊಂದೇ ಸಲ ಇಳಿದು ಬರುವ ಸಮಸ್ಯೆ ಇದೆಯಲ್ಲ, ಅದಕ್ಕೂ ಉತ್ತರಗಳನ್ನು ಕಟ್ಟಿದ್ದರು. ಕಂಪ್ಯೂಟರ್ ಸೈನ್ಸಿನಲ್ಲಿ ಇವತ್ತು ಬ್ಯಾಕ್‌ಟ್ರ್ಯಾಕಿಂಗ್, ಅಂದರೆ ದಾರಿ ಮುಚ್ಚಿದರೆ ಹಿಂದಕ್ಕೆ ಬಂದು ಬೇರೆ ದಾರಿ ಹುಡುಕುವುದನ್ನು ಕಲಿಸಲು ಇದೇ ಸಮಸ್ಯೆ ಕೊಡುತ್ತಾರೆ. ಸ್ಕ್ರೀನಿನಲ್ಲಿ ಕೋಡ್ ಬರೆಸುವ ಮುಂಚೆ ಐದು ಸಾಲು ಐದು ಕಾಲಮ್ಮಿನ ಹಾಳೆಯಲ್ಲಿ ಕೈಯಲ್ಲೇ ಕುದುರೆ ಓಡಿಸಲಿ. ಮೂಲೆಯಿಂದ ಹೊರಟವರಿಗೆ ದಾರಿ ಸಿಗುತ್ತದೆ, ಮೂಲೆಯ ಪಕ್ಕದ ಮನೆಯಿಂದ ಹೊರಟವರಿಗೆ ಏನು ಮಾಡಿದರೂ ಸಿಗುವುದಿಲ್ಲ. ಯಾಕೆ ಅಂತ ಕಪ್ಪು ಬಿಳಿ ಮನೆ ಎಣಿಸಿದರೆ ಗೊತ್ತಾಗುತ್ತದೆ. ಹದಿಮೂರು ಒಂದು ಬಣ್ಣ, ಹನ್ನೆರಡು ಇನ್ನೊಂದು. ಉಳಿದದ್ದು ನೀವೇ ನೋಡಿ.

ಪ್ರಶ್ನೆ ಕೇಳುವ ಸಮಯ ಆಯಿತು ಅಂತ ಚೀಟಿ ಬಂದಿದೆ.

ಸಿಲಬಸ್ ಮುಗಿಯುತ್ತದಾ ಅಂತ ಸರ್ ಕೇಳುತ್ತಿದ್ದಾರೆ. ಎಲ್ಲ ಪಾಠಕ್ಕೂ ಆಟ ಹಾಕಿದರೆ ಮುಗಿಯುವುದಿಲ್ಲ. ನಾನು ಸೆಮಿಸ್ಟರಿಗೆ ಮೂರು ಸಲ ಮಾತ್ರ ಮಾಡುತ್ತೇನೆ. ವರ್ಷ ವರ್ಷ ಮಕ್ಕಳು ಎಲ್ಲಿ ಎಡವುತ್ತಾರೋ ಅಲ್ಲಿ. ಉಳಿದ ಕಡೆ ಸೀಮೆಸುಣ್ಣ ಹಿಡಿದು ಪಾಠ ಮಾಡುತ್ತೇನೆ, ನನಗೆ ಅದೂ ಇಷ್ಟ. ಪಾಯ್ಸಾನ್ ಡಿಸ್ಟ್ರಿಬ್ಯೂಷನ್ ಅನ್ನುವ ಇನ್ನೊಂದು ಪಾಠಕ್ಕೆ ಒಂದು ಆಟ ಮಾಡಲು ಹೋಗಿ ಒಂದು ವಾರ ಹಾಳು ಮಾಡಿದ್ದೇನೆ. ಬೋರ್ಡಿನಲ್ಲಿ ಇಪ್ಪತ್ತು ನಿಮಿಷದ ಕೆಲಸ ಅದು.

ಮೇಡಂ ಒಬ್ಬರು ಕೈ ಎತ್ತಿದ್ದಾರೆ. ನೂರಹತ್ತು ಮಕ್ಕಳು, ಅಲುಗಾಡದ ಬೆಂಚು. ಗೊತ್ತು ಮೇಡಂ, ನನ್ನದೂ ಅದೇ ಕಥೆ. ಬೆಸ ಸಾಲಿನವರು ಹಿಂದಕ್ಕೆ ತಿರುಗಿ ಕೂರಲಿ. ಬೆಂಚಿನ ಡೆಸ್ಕಿನ ಮೇಲೇ ಮನೆ ಬರೆಯಲಿ, ಸೀಮೆಸುಣ್ಣ ಒರೆಸಿದರೆ ಹೋಗುತ್ತದೆ. ಗಲಾಟೆ ಆಗುತ್ತದೆ. ಪಕ್ಕದ ಕ್ಲಾಸಿನವರಿಗೆ ಮುಂಚೆಯೇ ಹೇಳಿಡಿ. ನಮ್ಮ ಪ್ರಿನ್ಸಿಪಾಲರು ಮೊದಲ ಸಲ ಕಿಟಕಿಯಲ್ಲಿ ಇಣುಕಿ ನೋಡಿ, ಏನೂ ಹೇಳದೆ ಹೋದರು. ಎರಡನೇ ಸಲ ಒಳಗೆ ಬಂದು, ನಮ್ಮೂರಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಬಿಡೋದಿಲ್ಲ ಅಂತ ಹುಡುಗರ ಜೊತೆ ವಾದಕ್ಕೆ ನಿಂತರು.

ಆಡಲು ಇಷ್ಟವಿಲ್ಲದ ವಿದ್ಯಾರ್ಥಿ ಇದ್ದರೆ? ಇರುತ್ತಾರೆ. ಬಲವಂತ ಮಾಡಬೇಡಿ. ಲೆಕ್ಕ ಬರೆದುಕೊಳ್ಳುವ ಕೆಲಸ ಕೊಡಿ. ಬಹಳ ಸಲ ಒಳ್ಳೆಯ ಪ್ರಶ್ನೆ ಬರುವುದು ಆ ಲೆಕ್ಕದ ಪುಸ್ತಕದಿಂದ.

ಸಾಕು ಮಾತು. ನಾಲ್ಕು ನಾಲ್ಕು ಜನ ಸೇರಿ ಕೂರಿ. ಒಂದು ಗುಂಪಿಗೆ ನಾಲ್ಕು ಬೀಜ. ತಿಕ್ಕಿದ್ದು ನನ್ನ ವಿದ್ಯಾರ್ಥಿಗಳು, ಕೆಲವು ಚೆನ್ನಾಗಿವೆ, ಕೆಲವು ಇಲ್ಲ. ಹಾಕುವ ಮುಂಚೆ ಚೀಟಿಯಲ್ಲಿ ಬರೆಯಿರಿ: ಐವತ್ತು ಗರದಲ್ಲಿ ಎಷ್ಟು ಬಾರ? ಸ್ಟಾಟಿಸ್ಟಿಕ್ಸ್‌ನವರು ಪಕ್ಕದವರ ಚೀಟಿ ನೋಡಬೇಡಿ, ತೋರಿಸಲೂ ಬೇಡಿ. ಮತ್ತೆ ಹೋಗುವಾಗ ಬೀಜ ಎಣಿಸಿ ಡಬ್ಬಿಗೆ ಹಾಕಿ. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ನನಗೆ ಕ್ಲಾಸಿದೆ.